ಐವತ್ತೈದು ಇಂಚಿನ ವೀರಸ್ವರ್ಗ

ಕೊಡಗಿನಲ್ಲಿ ಇಂಚು ಅಂದರೆ ಮಳೆ. ಜೂನ್ ಬಂತೆಂದರೆ ತೋಟದ ಮನೆಗಳಲ್ಲಿ ಬೆಳಗಿನ ಕಾಫಿಗೂ ಮೊದಲು ಮಳೆಮಾಪಕ ನೋಡುತ್ತಾರೆ. ಆಮೇಲೆ ಫೋನು. ‘ನಿಮ್ಮಲ್ಲಿ ಎಷ್ಟು?’ ‘ಮೂರು ಇಂಚು ಇಪ್ಪತ್ತು ಸೆಂಟು.’ ‘ಅಷ್ಟೇನಾ? ನಮ್ಮಲ್ಲಿ ನಾಲ್ಕು.’ ನೂರು ಸೆಂಟಿಗೆ ಒಂದು ಇಂಚು. ಈ ಲೆಕ್ಕದಲ್ಲಿ ಸೋಲೊಪ್ಪಿಕೊಂಡವರನ್ನು ನಾನು ಇನ್ನೂ ಕಂಡಿಲ್ಲ. ಇಂಚಿಗೆ ಬೇರೆ ಮಹಿಮೆಯೂ ಇದೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿನ ಕೊನೆಯ ವರ್ಷದಲ್ಲಿ. ಆಗ ನಮ್ಮ ಜಿಲ್ಲೆಯ ಒಂದು ಮ್ಯೂಸಿಯಂಗೆ ವಿಡಿಯೊ ಮಾಡಿಕೊಡಲು ಹೋಗಿದ್ದೆ.

ಮ್ಯೂಸಿಯಂ ಹೆಸರು ಬೇಡ ಬಿಡಿ. ಅಲ್ಲಿನವರು ಒಳ್ಳೆಯವರೇ. ಊಟದ ಹೊತ್ತಿಗೆ ಕರೆಯದೆ ಇದ್ದ ದಿನವಿಲ್ಲ. ಯೋಜನೆಯೂ ಒಳ್ಳೆಯದೇ. ಶಿಲ್ಪವನ್ನು ನೋಡುವುದು ಹೇಗೆ ಅಂತ ಶಾಲಾ ಮಕ್ಕಳಿಗೆ ಹೇಳಿಕೊಡುವ ಐದು ನಿಮಿಷದ ವಿಡಿಯೊ. ಸಂಭಾವನೆ: ಪ್ರಮಾಣಪತ್ರ. ಬಸ್ ಚಾರ್ಜು: ಅದೇ ಪ್ರಮಾಣಪತ್ರ.

ಮೊದಲ ದಿನ ಕ್ಯಾಮೆರಾ ಚೀಲ ಹೆಗಲಿಗೇರಿಸಿ, ಒದ್ದೆ ಕೊಡೆ ಹಿಡಿದು ಬಾಗಿಲಿಗೆ ಹೋದರೆ ದೊಡ್ಡ ಬೋರ್ಡು. ಫೋಟೊ, ವಿಡಿಯೊ ನಿಷೇಧಿಸಲಾಗಿದೆ. ಅದರ ಕೆಳಗೆ ಸ್ಟೂಲಿನ ಮೇಲೆ ವಾಚರ್ ಅಣ್ಣ.

‘ಏನಮ್ಮಾ, ಬೋರ್ಡ್ ಓದೋಕೆ ಬರಲ್ವಾ?’

‘ವಿಡಿಯೊ ಮಾಡೋಕೆ ನಿಮ್ಮವರೇ ಕರೆಸಿದ್ದು ಅಣ್ಣ.’

‘ಕರೆಸಿದ್ದು ಅವರೇ. ಬೋರ್ಡ್ ಹಾಕಿಸಿದ್ದೂ ಅವರೇ. ಯಾವುದು ಮೊದಲು, ನೀನೇ ಹೇಳು.’

ಬೋರ್ಡೇ ಮೊದಲು. ಅನುಮತಿ ಪತ್ರ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ನಾನು ಬೆಂಚಿನ ಮೇಲೆ ಕೂತು ನೋಡಿದೆ. ಬೆಂಗಳೂರಿನಿಂದ ಬಂದವರು ಬೋರ್ಡಿನ ಪಕ್ಕದಲ್ಲೇ ನಿಂತು ಸೆಲ್ಫಿ ಹೊಡೆದುಕೊಂಡು ಹೋಗುತ್ತಿದ್ದರು. ‘ಅವರನ್ನು ಯಾಕೆ ಬಿಡ್ತೀರಿ ಅಣ್ಣ?’ ಅಂದೆ. ‘ಅವರು ಕೇಳೋದೇ ಇಲ್ಲವಲ್ಲ. ನೀನು ಕೇಳಿದೆ, ಅದಕ್ಕೇ ತಡ’ ಅಂದರು.

ನಾನು ಆರಿಸಿಕೊಂಡಿದ್ದು ಒಂದು ವೀರಗಲ್ಲು. ನಮ್ಮ ಕಡೆ ಹಳಬರು ಕೊಲ್ಲೆ ಕಲ್ಲು ಅನ್ನುತ್ತಾರೆ. ಮೂಲೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬೂದುಬಣ್ಣದ ಚಪ್ಪಡಿಯ ಹಾಗೆ ನಿಂತಿತ್ತು. ಜನ ಅದನ್ನು ಕಂಬ ಅಂದುಕೊಂಡು ಒರಗುತ್ತಿದ್ದರು. ಬೆಳಕು ಎದುರಿನಿಂದ ಬಿದ್ದರೆ ಕೆತ್ತನೆ ಸತ್ತುಹೋಗುತ್ತದೆ, ಪಕ್ಕದಿಂದ ಬಿದ್ದರೆ ಏಳುತ್ತದೆ. ಹಾಗಾಗಿ ಟ್ಯೂಬ್‌ಲೈಟ್ ಆರಿಸಿ, ವಾಚರ್ ಅಣ್ಣನ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿಸಿದೆ. ಕೆಳಗಿನ ಅಂತಸ್ತಿನಲ್ಲಿ ಒಬ್ಬ ಕತ್ತಿ ಎತ್ತಿ ನಿಂತಿದ್ದ. ಅವನ ಹಿಂದೆ ಸಾಲಾಗಿ ಕೊಂಬುಗಳು ಮೂಡಿದವು.

‘ಇಲ್ಲಿ ಹಸುಗಳಿದ್ವಾ!’ ಅಂದರು ಅಣ್ಣ. ಹದಿನಾಲ್ಕು ವರ್ಷದಿಂದ ಆ ಕಲ್ಲಿನ ಕಾವಲಿಗೆ ಕೂತವರು.

ಹಸುಗಳಿದ್ದವು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು ಅದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ಎರಡೂ ಕಡೆ ಹಿಡಿದು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಅವು ಇರುವಷ್ಟು ಕಾಲ ಇವನ ಹೆಸರೂ ಇರಲಿ ಅಂತ.

ಆ ರಾತ್ರಿ ಹಾಸ್ಟೆಲಿನಲ್ಲಿ ಮಲಗಿ ರೀಲ್ಸ್ ನೋಡುತ್ತಿದ್ದಾಗ ಹೊಳೆಯಿತು. ಉದ್ದಕ್ಕಿರುವ ಚೌಕಟ್ಟು. ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ. ಒಂದಾದ ಮೇಲೊಂದು ದೃಶ್ಯ. ಮೂರನೆಯದಕ್ಕೆ ಕಥೆ ಮುಗಿಯಿತು. ವೀರಗಲ್ಲು ಅಂದರೆ ರೀಲ್ಸೇ ಅಲ್ವಾ? ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ, ಬೆರಳಿಗೇ ಗೊತ್ತಿದೆ. ಮೊಬೈಲ್ ನೆಟ್ಟಗೆ ಹಿಡಿದ ಹಾಗೆ ಇಡೀ ಕಲ್ಲನ್ನು ಉದ್ದಕ್ಕೆ ಶೂಟ್ ಮಾಡಿದೆ. ಟಾರ್ಚಿನ ಬೆಳಕು ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮಾತು ಬಹಳ ಕಡಿಮೆ. ನನ್ನ ಮಟ್ಟಿಗೆ ಅದು ಚೆನ್ನಾಗಿತ್ತು. ಹೇಳಿಕೊಳ್ಳಬಾರದು, ಆದರೂ ಇತ್ತು.

ಮಾತಿನ ಜಾಗದಲ್ಲಿ ಮೂರು ಪ್ರಶ್ನೆ ಇಟ್ಟಿದ್ದೆ. ನನ್ನವಲ್ಲ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಶಿಕ್ಷಣ ವಿಭಾಗ ನೋಡಿಕೊಂಡಿದ್ದ ಫಿಲಿಪ್ ಯೆನವೈನ್, ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಜೊತೆ ಸೇರಿ ರೂಪಿಸಿದ ಪದ್ಧತಿಯವು. ಇಲ್ಲಿ ಏನು ನಡೀತಿದೆ? ಏನನ್ನು ನೋಡಿ ಹಾಗೆ ಹೇಳ್ತೀಯ? ಇನ್ನೂ ಏನೇನು ಕಾಣ್ತಿದೆ? ಅಷ್ಟೇ. ಉತ್ತರ ಮಕ್ಕಳದ್ದು.

ಪರಿಶೀಲನಾ ಸಮಿತಿಯ ಸಭೆಯಲ್ಲಿ ಮೊದಲು ಬಿದ್ದಿದ್ದು ಇವೇ. ‘ಇಲ್ಲಿ ಏನು ನಡೀತಿದೆ ಅಂತ ಮ್ಯೂಸಿಯಂನವರೇ ಮಕ್ಕಳನ್ನು ಕೇಳಿದ್ರೆ, ನಮಗೇ ಗೊತ್ತಿಲ್ಲ ಅಂತ ಆಗಲ್ವಾ?’ ಅಂದರು ಅಧ್ಯಕ್ಷರು. ಎಲ್ಲರೂ ತಲೆಯಾಡಿಸಿದರು. ಪ್ರಶ್ನೆ ತೆಗೆದು ಆ ಜಾಗದಲ್ಲಿ ಕಲ್ಲಿನ ಎತ್ತರ, ಅಗಲ, ದಾಖಲೆ ಸಂಖ್ಯೆ ಹಾಕಬೇಕೆಂದು ತೀರ್ಮಾನವಾಯಿತು.

ಎರಡನೆಯ ಸದಸ್ಯರಿಗೆ ವಿಡಿಯೊ ತಣ್ಣಗಿದೆ ಅನ್ನಿಸಿತು. ‘ನಮ್ಮ ದಸರಾ ಮಂಟಪ ನೋಡಿದ್ದೀರಲ್ಲ? ರಾತ್ರಿಯೆಲ್ಲ ಜನ ನಿಂತು ನೋಡ್ತಾರೆ. ಯಾಕೆ? ಹೊಗೆ, ಬೆಂಕಿ, ಸೌಂಡು! ರಾಕ್ಷಸನ ಕೈಕಾಲು ಅಲ್ಲಾಡುತ್ತೆ. ನಿಮ್ಮ ವೀರ ಅಲ್ಲಾಡೋದೇ ಇಲ್ಲ.’ ವೀರ ಸತ್ತು ಶತಮಾನಗಳಾಗಿವೆ ಅಂತ ಹೇಳಲು ಬಾಯಿ ಬಂತು. ನುಂಗಿಕೊಂಡೆ. ಮಡಿಕೇರಿಯಲ್ಲಿ ದಸರಾ ಮಂಟಪದ ವಿರುದ್ಧ ಮಾತಾಡಿ ಬಸ್ ಹತ್ತಿದವರಿಲ್ಲ. ರಾತ್ರಿ ಮೆರವಣಿಗೆಯಲ್ಲಿ ಬರುವ ಹತ್ತೂ ಮಂಟಪಕ್ಕೆ ಅಭಿಮಾನಿಗಳಿದ್ದಾರೆ.

ಮೂರನೆಯವರು ಕೊಡಗು ಅಂದ ಮೇಲೆ ಕಾಫಿ ಹೂವು, ಅಬ್ಬಿ ಜಲಪಾತ, ಪಂದಿ ಕರಿ ಇರಲೇಬೇಕು ಅಂದರು. ನಾಲ್ಕುನಾಡು ಅರಮನೆಯ ಗೋಡೆ ಚಿತ್ರಗಳನ್ನು ಹಾಕೋಣ ಅಂದಿದ್ದರೆ ನಾನೂ ಕೈ ಎತ್ತುತ್ತಿದ್ದೆ. 1792ರಿಂದ 94ರೊಳಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ಆ ಮನೆ ಕಾಡಿನಂಚಿನಲ್ಲಿ ನಮ್ಮನ್ನು ಕಾಯುತ್ತಾ ಕೂತಿದೆ. ಆದರೆ ಅದು ಅವರ ಪಟ್ಟಿಯಲ್ಲಿರಲಿಲ್ಲ. ಪಂದಿ ಕರಿ ಇತ್ತು.

ಕೊನೆಗೆ ಎಲ್ಲರೂ ಒಮ್ಮತದಿಂದ ಕೇಳಿದ್ದು ಡ್ರೋನ್.

‘ವೀರಗಲ್ಲು ಕೋಣೆಯೊಳಗಿದೆ ಸರ್.’

‘ಕಟ್ಟಡ ಹೊರಗಿದೆಯಲ್ಲ?’

ಜುಲೈ ತಿಂಗಳು. ಗೆಳೆಯನ ಡ್ರೋನ್ ತಂದು ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಹಾರಿಸಿದೆವು. ಮರದೆತ್ತರ ಏರಿತು. ತೆರೆಯ ತುಂಬ ಬಿಳಿ. ಇನ್ನೂ ಏರಿಸಿದೆವು. ಇನ್ನೂ ಬಿಳಿ. ಮಂಜು ಅನ್ನುವುದು ಮೇಲಿನಿಂದಲೂ ಮಂಜೇ. ಸಮಿತಿಗೆ ಮಾತ್ರ ಖುಷಿಯೋ ಖುಷಿ. ‘ಇತಿಹಾಸದ ಮಬ್ಬು! ಇಟ್ಕೊಳ್ಳಿ, ನಲವತ್ತು ಸೆಕೆಂಡ್ ಇರಲಿ.’ ಶಾಸನತಜ್ಞ ಬಿ.ಎಲ್. ರೈಸ್ ತಮ್ಮ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲ ಸಂಪುಟಕ್ಕೆ ಕೊಡಗಿನ ಶಾಸನಗಳನ್ನೇ ಆರಿಸಿಕೊಂಡು 1886ರಲ್ಲಿ ಹೊರತಂದರು. ಪಾಪ, ಅದರಲ್ಲಿ ಒಂದೇ ಒಂದು ಡ್ರೋನ್ ಶಾಟ್ ಇಲ್ಲ.

ಸಂದೇಶಗಳ ವಿಷಯ ಜಾಸ್ತಿ ಹೇಳುವುದಿಲ್ಲ. ನಾಲ್ವರು ಗಣ್ಯರು, ತಲಾ ನಲವತ್ತು ಸೆಕೆಂಡು. ನಾಲ್ವರೂ ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಅಂದರು.

ಕೊನೆಯ ಆವೃತ್ತಿಯ ಲೆಕ್ಕ ಕೇಳಿ. ಲಾಂಛನಗಳು 25 ಸೆಕೆಂಡು. ಮಂಜು 40. ಸಂದೇಶ 160. ಕೃತಜ್ಞತೆಗಳು 66. ಉಳಿದದ್ದು ವೀರಗಲ್ಲಿಗೆ. ಒಂಬತ್ತು ಸೆಕೆಂಡು. ಅಂದರೆ ಅಂತಸ್ತಿಗೆ ಮೂರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಇಬ್ಬರು ಸಂಶೋಧಕರು ಅಳೆದಿದ್ದರು. 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅಷ್ಟೇನಾ ಅಂತ ಕಲೆಯ ಮೇಷ್ಟ್ರುಗಳೆಲ್ಲ ಇವತ್ತಿಗೂ ಕೊರಗುತ್ತಾರೆ. ಇದನ್ನು ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು ಬರೆದುಕೊಂಡರು. ‘ನೋಡಿ, ಅವರಿಗೆ 27 ಬೇಕು. ನಾವು ಒಂಬತ್ತರಲ್ಲೇ ಮುಗಿಸ್ತಿದ್ದೀವಿ.’

ಇನ್ನು ಇಂಚಿನ ಸಂಗತಿ. ಹಾಲ್‌ಗೆ ಹೊಸ ಟಿವಿ ಬಂದಿತ್ತು. ಐವತ್ತೈದು ಇಂಚು. ಪರೀಕ್ಷೆಗೆಂದು ನನ್ನ ಒಂಬತ್ತು ಸೆಕೆಂಡು ಹಾಕಿದಾಗ ಸಭೆ ಗಂಭೀರವಾಯಿತು.

‘ಎರಡೂ ಕಡೆ ಕಪ್ಪು ಯಾಕೆ?’

‘ಕಲ್ಲು ಉದ್ದಕ್ಕಿದೆ ಸರ್, ಟಿವಿ ಅಡ್ಡಕ್ಕಿದೆ.’

‘ಐವತ್ತೈದು ಇಂಚಿಗೆ ಬಿಲ್ ಆಗಿದೆ. ನೀವು ತೋರಿಸ್ತಿರೋದು ಹದಿನೈದು ಇಂಚು ಅಗಲದ ಪಟ್ಟಿ. ಉಳಿದದ್ದು ಎಲ್ಲಿ ಅಂತ ಆಡಿಟ್‌ನವರು ಕೇಳಲ್ವಾ?’

ಒಂದೊಂದೇ ಅಂತಸ್ತನ್ನು ಬಿಡಿಯಾಗಿ ತೋರಿಸ್ತೀನಿ, ತೆರೆ ತುಂಬುತ್ತೆ ಅಂದೆ. ಕಲ್ಲನ್ನು ತುಂಡು ಮಾಡಿ ತೋರಿಸಿದರೆ ಮ್ಯೂಸಿಯಂನವರು ಒಡೆದುಹಾಕಿದ್ದಾರೆ ಅಂತ ಪೇಪರಿನವರು ಬರೆಯುತ್ತಾರಂತೆ. ಹಾಗಾದರೆ ಟಿವಿಯನ್ನೇ ನೆಟ್ಟಗೆ ನಿಲ್ಲಿಸೋಣ ಅಂದೆ.

‘ಟಿವಿ ನಿಲ್ಲಿಸೋಕೆ ಹೊಸ ಸ್ಟ್ಯಾಂಡ್. ಅದಕ್ಕೆ ಎಸ್ಟಿಮೇಟ್. ವೈರಿಂಗ್ ಬೇರೆ. ಮುಂದಿನ ಮಾರ್ಚ್ ಆಗುತ್ತೆ. ಕಲ್ಲನ್ನು ಮಲಗಿಸೋಕೆ ಏನು ಬೇಕು?’

‘ಒಂದು ಬಟನ್ ಸರ್’ ಅಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳ. ಸುಮ್ನೆ ಇರಬಹುದಿತ್ತು.

ಬಟನ್ ಒತ್ತಿದೆ. ಕಪ್ಪು ಮಾಯ. ಟಿವಿ ಅಂಚಿನಿಂದ ಅಂಚಿಗೆ ಕಲ್ಲು. ಎಲ್ಲರೂ ಚಪ್ಪಾಳೆ ಹೊಡೆದರು. ಎಡಗಡೆ ಕಾಳಗ, ನಡುವೆ ಅಪ್ಸರೆಯರು, ಬಲಗಡೆ ಸ್ವರ್ಗ. ಟಿವಿಯ ಬಲಕ್ಕೆ ಆಫೀಸಿನ ಬಾಗಿಲಿತ್ತು. ವೀರ ಹೊರಟಿದ್ದು ಅತ್ತಲೇ. ಅವನಿಗೆ ಏನೋ ಅರ್ಜಿ ಬಾಕಿ ಇದ್ದ ಹಾಗೆ.

ಕೈಲ್ ಮುಹೂರ್ತ ಮುಗಿದ ಮರುವಾರ ಉದ್ಘಾಟನೆ. ಮನೆಮನೆಯಲ್ಲಿ ಕೋವಿ, ಕತ್ತಿ ಒರೆಸಿ ಪೂಜೆ ಮಾಡಿ ಇನ್ನೂ ವಾರವಾಗಿರಲಿಲ್ಲ, ಇಲ್ಲಿ ಕತ್ತಿ ಹಿಡಿದವನನ್ನೇ ಮಲಗಿಸಿದ್ದೆವು. ಹತ್ತಿರದ ಸರ್ಕಾರಿ ಶಾಲೆಯಿಂದ ಮೂವತ್ತು ಮಕ್ಕಳನ್ನು ಸಾಲಾಗಿ ಕರೆತಂದು ಚಾಪೆಯ ಮೇಲೆ ಕೂರಿಸಿದರು. ಲಾಂಛನ ಬಂತು. ಮಂಜು ಬಂತು, ಅದನ್ನು ಅವರು ಕಿಟಕಿಯಲ್ಲೂ ನೋಡುತ್ತಿದ್ದರು. ಗಣ್ಯರು ಒಬ್ಬೊಬ್ಬರಾಗಿ ಬಂದರು. ಅವರನ್ನೆಲ್ಲ ಟಿವಿಗೆ ತಕ್ಕ ಹಾಗೆ ಅಡ್ಡಕ್ಕೆ ಶೂಟ್ ಮಾಡಿದ್ದರಿಂದ ನಾಲ್ವರೂ ನೆಟ್ಟಗೆ ನಿಂತಿದ್ದರು. ಐದು ನಿಮಿಷದಲ್ಲಿ ಮಲಗಿದವನು ವೀರ ಒಬ್ಬನೇ.

ಆ ಒಂಬತ್ತು ಸೆಕೆಂಡು ಬಂದಾಗ ಮೂವತ್ತು ತಲೆಗಳು ಒಟ್ಟಿಗೆ ಬಲಕ್ಕೆ ವಾಲಿದವು. ಹಿಂದಿನ ಸಾಲಿನ ಇಬ್ಬರು ಚಾಪೆಯ ಮೇಲೆ ಅಡ್ಡಾದರು. ಟೀಚರ್ ಗದರಿದರು. ಅಷ್ಟರಲ್ಲಿ ಕೃತಜ್ಞತೆಗಳು ಶುರುವಾದವು.

ಪೆನ್‌ಡ್ರೈವನ್ನು ಅಂದೇ ದಾಸ್ತಾನು ಪುಸ್ತಕಕ್ಕೆ ಏರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ‘ಪೆನ್‌ಡ್ರೈವ್, ಕಪ್ಪು, 1. ಸ್ಥಿತಿ: ಉತ್ತಮ.’ ನನಗೊಂದು ಪ್ರತಿ ಬೇಕು ಅಂದೆ. ಅರ್ಜಿ ಬರೆಯಲು ಹೇಳಿದರು. ಅರ್ಜಿಗೆ ಪ್ರಮಾಣಪತ್ರದ ನಕಲು ಲಗತ್ತಿಸಬೇಕಂತೆ. ಪ್ರಮಾಣಪತ್ರ ಇನ್ನೂ ಪ್ರಿಂಟ್ ಆಗಿರಲಿಲ್ಲ.

ಹೊರಗೆ ಬಂದರೆ ಮಕ್ಕಳನ್ನು ಗ್ಯಾಲರಿಗೆ ಬಿಟ್ಟಿದ್ದರು. ಮೂಲೆಯಲ್ಲಿ ವಾಚರ್ ಅಣ್ಣ ಟ್ಯೂಬ್‌ಲೈಟ್ ಆರಿಸಿ ಕಲ್ಲಿನ ಅಂಚಿಗೆ ಟಾರ್ಚ್ ಹಿಡಿದು ನಿಂತಿದ್ದರು. ಇದಕ್ಕೆ ಅವರಿಗೆ ಯಾರ ಅನುಮತಿ ಪತ್ರವೂ ಇರಲಿಲ್ಲ. ಕಲ್ಲು ಎಂದಿನಂತೆ ನೆಟ್ಟಗೇ ಇತ್ತು. ಅದರ ಮುಂದೆ ಆರೇಳು ಮಕ್ಕಳು ಕತ್ತನ್ನು ಬಲಕ್ಕೆ ವಾಲಿಸಿಕೊಂಡು, ಶ್ರದ್ಧೆಯಿಂದ ನೋಡುತ್ತಿದ್ದರು.

‘ಅಣ್ಣ, ಇದನ್ನ ತಪ್ಪಾಗಿ ನಿಲ್ಲಿಸಿದ್ದಾರೆ’ ಅಂದಳು ಒಬ್ಬಳು.