ಶುಕ್ರವಾರ ರಾತ್ರಿ ಬೇಡ, ಭಾನುವಾರ ಹೊರಡಿ

‘ಗಂಡ ಹೆಂಡತಿ ಶುಕ್ರವಾರ ರಾತ್ರಿ ಮೈಸೂರಿನಿಂದ ಕಾರಲ್ಲಿ ಹೊರಟು, ಶನಿವಾರ ಒಂದೇ ದಿನದಲ್ಲಿ ಫೋರ್ಟ್ ಕೊಚ್ಚಿ ನೋಡಿಬಿಡಬಹುದು’ ಎಂದು ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ. ಆ ಕಡೆಗೆ ಹೋಗುವ ಗುಂಡ್ಲುಪೇಟೆ–ಬತ್ತೇರಿ (ಕೇರಳದ ಸುಲ್ತಾನ್ ಬತ್ತೇರಿ) ರಸ್ತೆ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಫೀಸ್ ಮುಗಿಸಿ ಹೊರಟವರು ಚೆಕ್‌ಪೋಸ್ಟ್‌ನಲ್ಲೇ ಬೆಳಗು ಮಾಡಬೇಕು, ಅಲ್ವಾ?

ಅದಕ್ಕಿಂತ ಜಾಸ್ತಿ ಬೇಜಾರಿನ ವಿಷಯ, ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಾಂಚೇರಿಯ 1568ರ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಶನಿವಾರ ತೆರೆಯುವುದಿಲ್ಲ. ಅದನ್ನು ನೋಡಬೇಕು ಅಂತ ನನ್ನ ಹೆಂಡತಿಗೆ ಎಷ್ಟೋ ವರ್ಷದ ಆಸೆ. ಮುಚ್ಚಿದ ಬಾಗಿಲ ಮುಂದೆ ನಿಂತು ವಾಪಸ್ ಬಂದೆವು. ಪಕ್ಕದ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ.

ಭಾನುವಾರ ಬೆಳಿಗ್ಗೆ ಹೊರಡಿ, ಎರಡು ರಾತ್ರಿ ಇರಿ. ಸಂಜೆ ಫೋರ್ಟ್ ಕೊಚ್ಚಿ ದಡದ ಚೀನೀ ಮೀನು ಬಲೆಗಳ ಹತ್ತಿರ ಸುಮ್ನೆ ಕೂತುಕೊಳ್ಳಿ. ನಮಗೆ ಇವತ್ತಿಗೂ ನೆನಪಿರುವುದು ಆ ಒಂದು ಗಂಟೆಯೇ.