ಮೂಗಿಗೆ ಪೆಟ್ಟು ಬಿದ್ದರೆ ಮೊದಲು ಟಾರ್ಚ್ ತನ್ನಿ

ಬೇಸಿಗೆ ರಜೆಯಲ್ಲಿ ಗಲ್ಲಿ ಕ್ರಿಕೆಟ್ ಚೆಂಡು ಯಾವುದಾದರೂ ಮಗುವಿನ ಮೂಗಿಗೆ ಬಡಿಯುವುದು ಇದ್ದದ್ದೇ. ಆಗ ಎಲ್ಲರೂ ಕೇಳುವುದು, "ಮೂಳೆ ಮುರಿದಿದೆಯಾ?" ಎಂದು. ನನ್ನ ಪ್ರಕಾರ ಆ ಪ್ರಶ್ನೆ ನಾಲ್ಕು ದಿನ ಕಾಯಬಹುದು. ಕಾಯಲಾಗದ್ದು ಮೂಗಿನ ಒಳಗಿದೆ.

ರಕ್ತ ಬರುತ್ತಿದ್ದರೆ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಳೆಯ ಕೆಳಗಿನ ಮೆತ್ತನೆ ಭಾಗವನ್ನು ಎರಡು ಬೆರಳಲ್ಲಿ 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತಾ ಎಂದು ನಡುನಡುವೆ ಬಿಟ್ಟು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ತಲೆ ಹಿಂದಕ್ಕೆ ವಾಲಿಸಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಮೂಗುತಿ ಇದ್ದರೆ ಊತ ಏರುವ ಮೊದಲೇ ತೆಗೆಯಿರಿ, ಆಮೇಲೆ ಒಳಗಿನ ತಿರುಪು ಕೈಗೆ ಸಿಗುವುದಿಲ್ಲ.

ಆಮೇಲೆ ಐಸ್. ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ, ಮೊದಲ ದಿನ ಎಚ್ಚರವಿರುವಾಗ ಒಂದೆರಡು ಗಂಟೆಗೊಮ್ಮೆ. ಬರೀ ಐಸ್ ಚರ್ಮಕ್ಕೆ ಇಟ್ಟರೆ ಚರ್ಮ ಸುಡುತ್ತದೆ. ರಾತ್ರಿ ಎರಡು ದಿಂಬು ಕೊಟ್ಟು ತಲೆ ಎತ್ತರದಲ್ಲಿಡಿ. ಸೀನು ಬಂದರೆ ಬಾಯಿ ತೆರೆದು ಸೀನಲಿ, ಮೂಗು ಸೀಟುವುದು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಕೆಜಿ ತೂಕಕ್ಕೆ 15 ಮಿಲಿಗ್ರಾಂ, ಅಂದರೆ 20 ಕೆಜಿ ಮಗುವಿಗೆ 300. ಎರಡು ಡೋಸ್ ನಡುವೆ ಆರು ಗಂಟೆ ಇರಲಿ. ಸಿರಪ್ ಬಾಟಲಿಯಲ್ಲಿ 5 ಮಿಲಿಗೆ 120 ಇದೆಯೋ 250 ಇದೆಯೋ ಓದಿಯೇ ಅಳೆಯಿರಿ, ಇಲ್ಲಿ ಎಡವಿದರೆ ಡೋಸ್ ಎರಡರಷ್ಟಾಗುತ್ತದೆ. ಆಸ್ಪಿರಿನ್ ಕೊಡಲೇಬೇಡಿ, ಮತ್ತೆ ರಕ್ತ ಒಸರುತ್ತದೆ.

ಸುಣ್ಣ–ಅರಿಶಿನದ ಪಟ್ಟು ಹಾಕುವವರ ಕಾಳಜಿ ದೊಡ್ಡದು, ಒಪ್ಪುತ್ತೇನೆ. ಆದರೆ ಸುಣ್ಣ ಚರ್ಮ ಸುಡುತ್ತದೆ, ಕಣ್ಣು ಅಲ್ಲೇ ಪಕ್ಕದಲ್ಲಿದೆ. ಬಿಸಿ ಶಾಖ, ಬಾಮ್ ತಿಕ್ಕುವುದು ಮೊದಲೆರಡು ದಿನ ಊತವನ್ನು ಹೆಚ್ಚಿಸುತ್ತವೆ. ಸೊಟ್ಟಗಿದೆ ಎಂದು ಮನೆಯಲ್ಲೇ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ.

ಈಗ ಟಾರ್ಚ್. ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿ ಎರಡೂ ಹೊಳ್ಳೆಯೊಳಗೆ ಬೆಳಕು ಬಿಡಿ. ನಡುಗೋಡೆಯಿಂದ ಕಪ್ಪುಗೆಂಪು ಅಥವಾ ನೇರಳೆ ಬಣ್ಣದ ಮೆತ್ತನೆ ಉಬ್ಬು ಕಂಡರೆ ಅಲ್ಲಿ ರಕ್ತ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಇಎನ್‌ಟಿಯವರು ಇದನ್ನು ಸೆಪ್ಟಲ್ ಹೆಮಟೋಮಾ ಎನ್ನುತ್ತಾರೆ. ನಡುಗೋಡೆಯ ಮೃದ್ವಸ್ಥಿಗೆ, ಅಂದರೆ ಬಾಗುವ ಮೆತ್ತನೆ ಎಲುಬಿಗೆ, ಸ್ವಂತ ರಕ್ತನಾಳವಿಲ್ಲ, ಮೇಲೆ ಅಂಟಿರುವ ತೆಳು ಪೊರೆಯಿಂದಲೇ ಅದಕ್ಕೆ ಆಹಾರ. ನಡುವೆ ರಕ್ತ ತುಂಬಿದರೆ ಪೊರೆ ಬಿಟ್ಟುಕೊಳ್ಳುತ್ತದೆ, ಮೂರ್ನಾಲ್ಕು ದಿನದಲ್ಲಿ ಮೃದ್ವಸ್ಥಿ ಸಾಯುತ್ತದೆ, ಕೀವೂ ಆಗಬಹುದು. ಮೂಗಿನ ದಿಂಡು ಕುದುರೆಯ ಜೀನಿನಂತೆ ಶಾಶ್ವತವಾಗಿ ತಗ್ಗುವುದು ಹೀಗೆ. ಈ ಉಬ್ಬು ಒಂದೆರಡು ದಿನ ಬಿಟ್ಟೂ ಬರಬಹುದು, ಹಾಗಾಗಿ ಮೂರು ದಿನ ಬೆಳಿಗ್ಗೆ ಸಂಜೆ ನೋಡಿ. ಉಬ್ಬು ಕಂಡರೆ, ಮೂಗು ಪೂರಾ ಕಟ್ಟಿಕೊಂಡರೆ, ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ ಅದೇ ದಿನ ಇಎನ್‌ಟಿ ಬಳಿ ಹೋಗಿ. ಕೊಯ್ದು ರಕ್ತ ತೆಗೆಯುವುದೊಂದೇ ದಾರಿ, ಮಾತ್ರೆಯಿಂದ ಕರಗುವುದಿಲ್ಲ.

ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ, ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ, ಪ್ರಜ್ಞೆ ತಪ್ಪಿದ್ದರೆ, ಪದೇಪದೇ ವಾಂತಿಯಾದರೆ, ಒಂದು ಎರಡಾಗಿ ಕಂಡರೆ ಐಸ್ ಇಡುತ್ತ ಕೂರದೆ ನೇರ ಆಸ್ಪತ್ರೆಗೆ.

ಇನ್ನು ಮೂಳೆಯ ವಿಚಾರ. ಊತ ಮೂರರಿಂದ ಐದು ದಿನದಲ್ಲಿ ಇಳಿಯುತ್ತದೆ, ಆಗ ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿ. ಸೊಟ್ಟ ಕಂಡರೆ ಮಕ್ಕಳನ್ನು ಒಂದು ವಾರದೊಳಗೆ, ದೊಡ್ಡವರನ್ನು ಎರಡು ವಾರದೊಳಗೆ ತೋರಿಸಿ. ಅದು ದಾಟಿದರೆ ಮೂಳೆ ಇದ್ದ ಹಾಗೇ ಕೂಡಿಕೊಳ್ಳುತ್ತದೆ, ಆಮೇಲೆ ದೊಡ್ಡ ಆಪರೇಷನ್ನೇ ಬೇಕಾಗುತ್ತದೆ.