ಎರಡು ವಾರಕ್ಕೆ ಜಾಂಬಿಯಾಗೆ ಹೋಗ್ಲಾ ಅಂತ ಕೇಳಿದ ಹುಡುಗಿಗೆ

ಹೋದ ವಾರ ನಮ್ಮ ಪಕ್ಕದ ರಸ್ತೆಯ ಹುಡುಗಿ ಫೋನ್ ಮಾಡಿದ್ದಳು. ಕಾಲೇಜು ಮುಗಿದಿದೆ, ಕೆಲಸಕ್ಕೆ ಸೇರಲು ಇನ್ನೂ ಎರಡು ತಿಂಗಳಿದೆ. "ಅಕ್ಕಾ, ಆಫ್ರಿಕಾದ ಜಾಂಬಿಯಾದಲ್ಲಿ ಎಚ್‌ಐವಿ ಇರೋರ ಮನೆಮನೆಗೆ ಹೋಗೋ ವಾಲಂಟಿಯರ್ ಕೆಲಸ ಇದೆಯಂತೆ. ಎರಡು ವಾರ. ನೀವು ಹೋಗಿದ್ರಲ್ವಾ, ನಾನೂ ಹೋಗ್ಲಾ?" ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅವತ್ತಿನಿಂದ ಅದೇ ತಲೆಯಲ್ಲಿದೆ.

ನಾನು ಹೋಗಿದ್ದು 2015ರಲ್ಲಿ, ಮೂರು ವಾರಕ್ಕೆ, ಲಿವಿಂಗ್‌ಸ್ಟನ್ ಎಂಬ ಊರಿಗೆ. ವಿಕ್ಟೋರಿಯಾ ಜಲಪಾತ ಅದರ ಪಕ್ಕದಲ್ಲೇ ಇದೆ. ಬೆಳಿಗ್ಗೆ ಎಂಟಕ್ಕೆ ಮರಾಂಬಾ ಎಂಬ ಬಡಾವಣೆಯ ಮಣ್ಣಿನ ರಸ್ತೆಯಲ್ಲಿ ನಡೆಯುತ್ತಿದ್ದೆವು. ಮುಂದೆ ಅದೇ ಬೀದಿಯ ಒಬ್ಬ ಹೆಂಗಸು, ಹಿಂದೆ ನಾನು. ಆಕೆಯನ್ನು ಕೇರ್‌ಗಿವರ್ ಎನ್ನುತ್ತಿದ್ದರು. ಸಂಬಳ ಇಲ್ಲ. ಚೀಲದಲ್ಲಿ ಸೋಪು, ಗ್ಲೌಸ್, ಓಆರ್‌ಎಸ್ ಪುಡಿ, ಒಂದು ನೋಟ್‌ಬುಕ್.

ಹೋಮ್ ವಿಸಿಟ್ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಮೊದಲ ಅರ್ಧ ಗಂಟೆ ಸುಮ್ನೆ ಕೂರುವುದು, ಅಷ್ಟೇ. ಚಾಪೆ ಹಾಸುತ್ತಾರೆ. ಊಟ ಆಯ್ತಾ, ನಿದ್ದೆ ಬಂತಾ, ಮೊಮ್ಮಗ ಸ್ಕೂಲಿಗೆ ಹೋದನಾ. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ನ್ಶೀಮಾ, ನೋಡಲು ನಮ್ಮ ಮುದ್ದೆಯ ಬಿಳಿ ತಂಗಿಯ ಹಾಗೆ. ಆಮೇಲೆ ಕೇರ್‌ಗಿವರ್ ಕೆಮ್ಮು ಇದೆಯಾ, ರಾತ್ರಿ ಬೆವರುತ್ತಾ ಅಂತ ಕೇಳುತ್ತಾಳೆ. ಅದು ಟಿಬಿ ಬಂದಿದೆಯಾ ಅಂತ ತಿಳಿಯಲು. ಎಚ್‌ಐವಿ ಇರುವವರ ಜೀವಕ್ಕೆ ಜಾಸ್ತಿ ಕುತ್ತು ತರುವುದು ಅದೇ. ಕೊನೆಗೆ ಎಚ್‌ಐವಿ ಮಾತ್ರೆಯ ಡಬ್ಬಿ ತಂದು ಎಣಿಸುತ್ತಾಳೆ. ಉಳಿದ ಮಾತ್ರೆ ಲೆಕ್ಕಕ್ಕಿಂತ ಹೆಚ್ಚಿದ್ದರೆ ಯಾವುದೋ ದಿನ ತಪ್ಪಿದೆ ಅಂತ ಅರ್ಥ. ಬೈಯುವುದಿಲ್ಲ. ಯಾಕೆ ತಪ್ಪಿತು ಅಂತ ಕೇಳುತ್ತಾಳೆ. ಎಷ್ಟೋ ಸಲ ಉತ್ತರ ಒಂದೇ: ಹೊಟ್ಟೆಗೆ ಏನೂ ಇರಲಿಲ್ಲ.

ಆ ಡಬ್ಬಿ ತಿರುಗಿಸಿ ನೋಡಿದೆ. ಭಾರತದಲ್ಲಿ ತಯಾರಾದ ಮಾತ್ರೆ. ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಬೆಲೆಯಿದ್ದ ಮೂರು ಔಷಧಿಗಳನ್ನು 2001ರಲ್ಲಿ ನಮ್ಮ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡುತ್ತೇವೆ ಅಂದಿತ್ತು. ಓದಿ ಗೊತ್ತಿತ್ತು. ಅಷ್ಟು ದೂರದ ಒಂದು ಗುಡಿಸಲಿನಲ್ಲಿ ಆ ಡಬ್ಬಿ ಕೈಯಲ್ಲಿ ಹಿಡಿದಾಗ ಗಂಟಲು ಕಟ್ಟಿತು.

ಎರಡನೇ ವಾರ ಒಬ್ಬರು ಅಂಬುಯಾ ಮನೆಗೆ ಹೋದೆವು. ಅಂಬುಯಾ ಅಂದರೆ ಅಲ್ಲಿನ ನ್ಯಾಂಜಾ ಭಾಷೆಯಲ್ಲಿ ಅಜ್ಜಿ. ನಾನು ಕೂತ ತಕ್ಷಣ ಅವರು ಮಗ ಸತ್ತ ಕಥೆ ಹೇಳಲು ಶುರು ಮಾಡಿದರು. ನಾನು ಕೇಳಿರಲಿಲ್ಲ. ನನಗಿಂತ ಮುಂಚೆ ಬಂದ ಹೊರದೇಶದವರೆಲ್ಲ ಕೇಳಿದ್ದರು. ಹೊಸ ಮುಖ ಬಂತು ಅಂದರೆ ಆ ಕಥೆ ಹೇಳಬೇಕು ಅಂತ ಅವರಿಗೆ ರೂಢಿ ಆಗಿಹೋಗಿತ್ತು. ಕೇರ್‌ಗಿವರ್ ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದಳು. ಅಜ್ಜಿ ನಿಲ್ಲಿಸಿ, ಕೋಳಿಮರಿಗಳ ಕಡೆ ಕೈ ತೋರಿಸಿ ನಕ್ಕರು. ನಾನು ಎದ್ದು ಎರಡು ಬಕೆಟ್ ನೀರು ತಂದೆ. ಆ ಮೂರು ವಾರದಲ್ಲಿ ನನ್ನಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದ್ದರೆ ಆ ನೀರಿನಿಂದ.

ಜಾಂಬಿಯಾದಲ್ಲಿ ನೂರು ವಯಸ್ಕರಲ್ಲಿ ಸುಮಾರು 11 ಜನರಿಗೆ ಎಚ್‌ಐವಿ ಇದೆ. ನಮ್ಮ ದೇಶದಲ್ಲಿ ಸಾವಿರಕ್ಕೆ ಇಬ್ಬರು. ಅಲ್ಲಿ ಬಹುತೇಕ ಎಲ್ಲ ಮನೆಗಳಿಗೂ ಇದರ ನೋವು ಗೊತ್ತು. ಅವರ ಆಗಿನ ಅಧ್ಯಕ್ಷ ಕೆನೆತ್ ಕೌಂಡ ತಮ್ಮ ಮಗ ಏಡ್ಸ್‌ನಿಂದ ತೀರಿಕೊಂಡ ಅಂತ ದೇಶದ ಮುಂದೆ ಹೇಳಿದ್ದು 1987ರಲ್ಲಿ. ಹಾಗಂತ ಅಲ್ಲಿ ಅವಮಾನ ಇಲ್ಲ ಅಂತಲ್ಲ, ಬಾಗಿಲು ತೆರೆಯದ ಮನೆಗಳೂ ಇದ್ದವು. ಆದರೂ ಬೀದಿಯವಳೇ ಬಾಗಿಲು ತಟ್ಟುತ್ತಿದ್ದಳು, ಬೀದಿಯವರಿಗೂ ಅದು ಗೊತ್ತಿತ್ತು.

ಇಲ್ಲಿ ಬೆಂಗಳೂರಿನಲ್ಲಿ ಈಗ ಆರು ವರ್ಷದಿಂದ ಒಂದು ಸಂಸ್ಥೆಯ ಜೊತೆ ಹೋಮ್ ವಿಸಿಟ್‌ಗೆ ಹೋಗುತ್ತೇನೆ. ಮೊದಲ ದಿನವೇ ಹೇಳಿಕೊಟ್ಟರು: ಐಡಿ ಕಾರ್ಡ್ ತೆಗೆದಿಡಿ, ಗಾಡಿ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ, ಗೇಟಿನ ಹತ್ತಿರ ಕಾಯಿಲೆ ಹೆಸರು ಎತ್ತಬೇಡಿ. ಪೀಣ್ಯದ ಆಚೆ ಒಬ್ಬರ ಮನೆಗೆ ಹೋಗುತ್ತೇನೆ. ಗಾರ್ಮೆಂಟ್ಸ್ ಕೆಲಸ, ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಮಾತ್ರೆ ಗಲಗಲ ಅನ್ನಬಾರದು ಅಂತ ಡಬ್ಬಿಗೆ ಹತ್ತಿ ತುಂಬಿ, ಲೇಬಲ್ ಕಿತ್ತು, ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ದಾರೆ. ಮಾತ್ರೆ ದಿನವೂ ತಪ್ಪದೆ ತಗೊಳ್ಳುತ್ತಾರೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ. ಹಾಗಿದ್ದಾಗ ಗಂಡಹೆಂಡತಿ ಸಂಬಂಧದಲ್ಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಒಟ್ಟಿಗೆ ಊಟ ಮಾಡಿದರೆ, ಒಂದೇ ಬಾತ್‌ರೂಮ್ ಬಳಸಿದರೆ ಯಾವತ್ತೂ ಹರಡುತ್ತಿರಲಿಲ್ಲ. ಇಷ್ಟಾದರೂ ಹಿಂದಿನ ಮನೆ ಓನರ್‌ಗೆ ಗೊತ್ತಾಗಿ ಒಂದೇ ವಾರದಲ್ಲಿ ಖಾಲಿ ಮಾಡಿಸಿದರು. ಎಚ್‌ಐವಿ ಇದೆ ಅಂತ ಬಾಡಿಗೆ ಮನೆ ಬಿಡಿಸುವುದು ಕಾನೂನಿಗೆ ವಿರುದ್ಧ. 2017ರಲ್ಲಿ ಪಾಸಾದ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ದೂರು ಕೊಡೋಣ ಅಂದೆ. "ಬೇಡ ಮೇಡಂ, ದೂರು ಕೊಟ್ರೆ ಮಗಳ ಸ್ಕೂಲಿಗೂ ಗೊತ್ತಾಗುತ್ತೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಅದಕ್ಕೇ ಪುಟ್ಟಿ, ನನ್ನ ಅಭಿಪ್ರಾಯ ಇದು. ಎರಡು ವಾರಕ್ಕೆ ಹೋಗಬೇಡ. ಕಾಯಿಲೆಯವರ ಮನೆಯ ಚಾಪೆಯ ಮೇಲೆ ಕೂರಲು ನಂಬಿಕೆ ಬೇಕು, ಅದು ಎರಡು ವಾರದಲ್ಲಿ ಬರುವುದಿಲ್ಲ. ಮುಂದೆ ಯಾವಾಗಲಾದರೂ ಆರು ತಿಂಗಳು ಬಿಡುವು ಸಿಕ್ಕರೆ ಹೋಗು, ಅವರ ಭಾಷೆಯಲ್ಲಿ ಕುಶಲ ಕೇಳಲು ಕಲಿತು ಹೋಗು. ಈ ವಾಲಂಟಿಯರ್ ಕೆಲಸಕ್ಕೆ ಅಂತ ನೀನು ಕಟ್ಟುವ ಹಣದಲ್ಲಿ ಅಲ್ಲಿನ ಕೇರ್‌ಗಿವರ್‌ಗೆ ಎಷ್ಟು ಸಿಗುತ್ತದೆ ಅಂತ ಮೊದಲೇ ಕೇಳು. ಸರಿಯಾಗಿ ಹೇಳದಿದ್ದರೆ ಹೋಗಬೇಡ.

ಈ ಎರಡು ತಿಂಗಳು ಇಲ್ಲೇ ಕೆಲಸ ಇದೆ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿಗೆ ಒಬ್ಬರೇ ಹೋಗಲು ಹೆದರುವವರ ಜೊತೆ ಹೋಗಬೇಕು. ಮಾತ್ರೆ 2004ರಿಂದ ಉಚಿತ, ಆದರೆ ಕ್ಯೂನಲ್ಲಿ ಗುರುತಿನವರು ಸಿಕ್ಕಿಬಿಟ್ಟರೆ ಅನ್ನುವ ಭಯ ಹಾಗೇ ಇದೆ. ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ಮೊದಲ ತಿಂಗಳು ನಿನ್ನನ್ನು ಯಾರ ಮನೆಯೊಳಗೂ ಕರೆದುಕೊಂಡು ಹೋಗುವುದಿಲ್ಲ. ಆಮೇಲೆ ಪೀಣ್ಯದ ಆ ಅಕ್ಕನನ್ನು ಕೇಳುತ್ತೇನೆ, ಅವರು ಹೂಂ ಅಂದರೆ ಒಂದು ಶನಿವಾರ ನನ್ನ ಜೊತೆ ಬಾ. ಬರುವಾಗ ಒಂದು ಬ್ಲೌಸ್ ಪೀಸ್ ತಗೊಂಡು ಬಾ. ಗೇಟಿನ ಹತ್ತಿರ ಯಾರಾದರೂ ಕೇಳಿದರೆ ಹೊಲಿಯಲು ಕೊಡೋಕೆ ಬಂದಿದ್ದೇವೆ ಅಂತ ಹೇಳು, ಒಳಗೆ ಹೋಗಿ ನಿಜವಾಗಿಯೂ ಅಳತೆ ಕೊಡು.